ಏರಿಯಮ್ಮನ ಒಕ್ಕಲು

ಪೂಜಾರಪ್ಪನ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡಾಗಿತ್ತು. ಸೀಳಿನೊಳಗೆ ವರ್ಷಗಟ್ಟಲೆ ಅರಿಶಿನ ಕೂತು ಅಲ್ಲೊಂದು ಹಳದಿ ಗೆರೆ ನಿಂತುಬಿಟ್ಟಿತ್ತು. ಗೊಬ್ಬರ ಹೊತ್ತು ಬಂದಾಗಲೂ, ರಾಗಿ ಕುಯ್ದು ಬಂದಾಗಲೂ, ಕೈಯೆಲ್ಲ ಮಣ್ಣಾಗಿದ್ದರೂ ಆ ಗೆರೆ ಮಾತ್ರ ಕಾಣುತ್ತಿತ್ತು. ಊರಿನವರು ಅದನ್ನು ಊರದೇವತೆ ಏರಿಯಮ್ಮನ ಗುರುತು ಎನ್ನುತ್ತಿದ್ದರು. ಮೂವರು ಅಣ್ಣತಮ್ಮಂದಿರಲ್ಲಿ ನಡುವಿನವರಾದ ಅವರಿಗೆ ಗುಡಿಯ ಪೂಜೆ ಬಂದದ್ದು ಆ ಉಗುರಿನಿಂದಲೇ. ಅಂಬೆಗಾಲಿಡುವ ಮಗುವಿನ ಬೆರಳನ್ನು ನೋಡಿ ಹಿರಿಯರು ಇವನನ್ನು ಅಮ್ಮ ಆರಿಸಿಕೊಂಡಿದ್ದಾಳೆ ಎಂದು ತೀರ್ಮಾನಿಸಿದರಂತೆ.

ನನಗೆ ಅವರು ಹೇಳಿದ್ದು ಬೇರೆ. ಪರಿಚಯವಾಗಿ ಎರಡು ವರ್ಷವಾದ ಮೇಲೆ ಒಂದು ಮಧ್ಯಾಹ್ನ ಶಾಲೆಯ ಜಗಲಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಾ, ಯಾರದೋ ದನದ ವಿಷಯ ಹೇಳಿದ ಹಾಗೆ ಹೇಳಿದರು.

"ಬಾಗ್ಲು ಸಂದಿಗೆ ಸಿಕ್ಕಿದ್ದು ಟೀಚರಮ್ಮ. ನಮ್ಮವ್ವ ಸಾಯೋಕ್ ಮುಂಚೆ ಹೇಳಿದ್ಲು. ಅವ್ಳೇ ಬಾಗ್ಲು ಎಳೆದ್ಲಂತೆ, ನಾನು ಹೊಸ್ಲು ಮೇಲೆ ಕೈ ಇಕ್ಕಿದ್ನಂತೆ. ಅತ್ತೆ ಬೈತಾಳೆ ಅಂತ ಬಾಯಿ ಮುಚ್ಕೊಂಡ್ಲು. ಊರೋರು ಬಂದು ಅಮ್ಮನ್ ಗುರ್ತು ಅಂದ್ರು. ಅವ್ಳೂ ಹೂಂ ಅಂದ್ಲು."

"ಈಗ?"

"ಈಗೇನು, ನಲವತ್ತು ವರ್ಷ ಆಯ್ತು. ನೀವ್ ಯಾರ್ಗೂ ಹೇಳ್ಬ್ಯಾಡಿ."

ನಾನು ಯಾರಿಗೂ ಹೇಳಲಿಲ್ಲ. ಹೇಳಬೇಕಾಗಿದ್ದ ದಿನವೂ ಹೇಳಲಿಲ್ಲ.

ಎಪ್ಪತ್ತರ ದಶಕದ ಮಾತು. ನಮ್ಮದು ತಮಿಳುನಾಡಿನ ಗಡಿಯ ಹೊಸೂರು ಪೇಟೆಯ ಮನೆ. ತಂದೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ನಾನು ಬಿ.ಎಸ್ಸಿ. ಮುಗಿಸಿ, ಟ್ರೈನಿಂಗ್ ಮಾಡಿ, ಕೆಲಮಂಗಲದಿಂದ ಒಳಗಿನ ಒಂದು ಊರಿನ ಕನ್ನಡ ಶಾಲೆಗೆ ಟೀಚರಾಗಿ ಸೇರಿದ್ದೆ. ಬೆಳಗಿನ ಬಸ್ಸಿಗೆ ಕೆಲಮಂಗಲಕ್ಕೆ ಹೋಗಿ ಅಲ್ಲಿಂದ ಮೂರು ಮೈಲಿ ನಡೆಯಬೇಕು. ಕೊನೆಯ ಅರ್ಧ ಮೈಲಿ ಕೆರೆ ಏರಿಯ ಮೇಲಿನ ದಾರಿ. ಒಂದು ಕಡೆ ನೀರು. ಇನ್ನೊಂದು ಕಡೆ, ಏರಿಗಿಂತ ಎಷ್ಟೋ ಕೆಳಗೆ, ಊರು. ಏರಿಯ ಮೇಲೆ ನಡೆಯುವಾಗ ಆ ಮನೆಗಳ ಹೆಂಚಿನ ಮೇಲೆ ಒಣಗಲು ಹಾಕಿದ ಮೆಣಸಿನಕಾಯಿ ಕಾಣುತ್ತಿತ್ತು. ಆಗ ನನಗೆ ಅದು ಚೆಂದ ಕಾಣುತ್ತಿತ್ತು, ಅಷ್ಟೇ.

ಏರಿಯ ತುದಿಯಲ್ಲಿ, ಬಂಡೆಗೆ ಒರಗಿಕೊಂಡ ಹಾಗೆ, ಏರಿಯಮ್ಮನ ಗುಡಿ. ಊರಿನ ಮೂವತ್ತು ಚಿಲ್ಲರೆ ಮನೆಗಳೂ ಒಂದೇ ಕುಲದವು, ಎಲ್ಲವೂ ಏರಿಯಮ್ಮನ ಒಕ್ಕಲು. ಒಕ್ಕಲು ಎಂದರೆ ಬೇಸಾಯ ಮಾಡಿಕೊಂಡಿರುವವರೂ ಹೌದು, ಒಂದು ದೇವರಿಗೆ ತಲೆತಲಾಂತರದಿಂದ ನಡೆದುಕೊಳ್ಳುವ ಮನೆತನವೂ ಹೌದು. ಆ ಊರಿನಲ್ಲಿ ಎರಡೂ ಒಂದೇ ಆಗಿತ್ತು. ಕೆರೆ ಅವಳದು, ನೀರು ಅವಳದು, ಕೆಳಗಿನ ಗದ್ದೆಗಳೂ ಅವಳವೇ. ಅವರು ಅವಳ ಒಕ್ಕಲು. ಊರಿನಾಚೆ, ಕಾಲುವೆಯ ಪಕ್ಕದಲ್ಲಿ ಇಟ್ಟಿಗೆ ಗೂಡು ಹಾಕಿಕೊಂಡು ಧರ್ಮಪುರಿ ಕಡೆಯ ಏಳೆಂಟು ತಮಿಳು ಸಂಸಾರಗಳಿದ್ದವು. ಅವರನ್ನು ಗೂಡಿನವರು ಎನ್ನುತ್ತಿದ್ದರು. ಅವರು ಯಾರ ಒಕ್ಕಲೂ ಅಲ್ಲ.

ನಾನು ಪೂಜಾರಪ್ಪ ಎಂದು ಕರೆಯುತ್ತಿದ್ದ ಅವರು ಗುಡಿಯ ಪೂಜಾರಿಯೂ ಹೌದು, ಕೆರೆಯ ನೀರಗಂಟಿಯೂ ಹೌದು. ತೂಬು ಎತ್ತಿ ಗದ್ದೆಗಳಿಗೆ ಸರದಿಯ ಮೇಲೆ ನೀರು ಬಿಡುವ ಕೆಲಸ ಅವರ ಮನೆಗೆ ಸೇರಿದ್ದು. ಅವರು ಎತ್ತುಗಳ ಹತ್ತಿರ ತೆಲುಗು ಆಡುತ್ತಿದ್ದರು, ಆಫೀಸಿನವರು ಬಂದರೆ ತಮಿಳು, ಅಮ್ಮನ ಹತ್ತಿರ ಕನ್ನಡ. ಯಾಕೆ ಹಾಗೆ ಎಂದು ಕೇಳಿದರೆ, "ಯಾರ್ಗೆ ಯಾವ್ದು ನಾಟ್ತದೋ ಅದು" ಎನ್ನುತ್ತಿದ್ದರು. ನನ್ನ ಬಣ್ಣದ ಕೊಡೆ ಏರಿಯ ಮೇಲೆ ಕಂಡರೆ ಸಾಕು, ಕೆಳಗಿನಿಂದ ಕೂಗುತ್ತಿದ್ದರು: "ಬಂತು ನೋಡ್ರಲಾ ಹೊಸೂರ್ ನವಿಲು."

ಸೇರಿದ ವಾರದಲ್ಲೇ ಅವರು ನನ್ನನ್ನು ವಿಚಾರಿಸಿಕೊಂಡರು.

"ಯಾವ ದೇವ್ರು ಒಕ್ಲಮ್ಮ ನೀವು?"

"ತಿರುಪತಿ."

"ಅಷ್ಟು ದೊಡ್ಡ ದೇವ್ರಾ? ನಿಮ್ಮನೆ ದಾರಿ ಗೊತ್ತದಾ ಅವ್ನಿಗೆ?"

ನಾನು ಸುಮ್ಮನಿರದೆ, "ನಿಮ್ಮ ಅಮ್ಮನಿಗೇನು ಎರಡೇ ಕೈ ಪೂಜಾರಪ್ಪ? ಹೊಸೂರಿನ ಗುಡಿಯಲ್ಲಿ ಅಮ್ಮನಿಗೆ ಎಂಟು ಕೈ" ಎಂದೆ. ಏರಿಯಮ್ಮ ಮೊಣಕಾಲೆತ್ತರದ ಕಲ್ಲು. ಬೆಣ್ಣೆ ಮುಟ್ಟಿದ ಹಾಗೆ ನುಣುಪಾಗಿ ಸವೆದು, ಎರಡು ಕೈ, ಎರಡು ಭುಜ, ಮುಖ ಎಂದು ಊಹಿಸಬಹುದಾದ ಒಂದು ಉಬ್ಬು.

"ಕೆಲ್ಸ ಮಾಡೋರ್ಗೆ ಎರಡೇ ಕಣಮ್ಮ" ಎಂದರು.

ಅವರಿಗೆ ಶಾಲೆಯ ಬಾಗಿಲಲ್ಲಿ ಕೂತು ಪಾಠ ಕೇಳುವ ಅಭ್ಯಾಸ. ಒಂದು ದಿನ ಭೂಗೋಳದ ಗುಂಡನ್ನು ಮೇಜಿನ ಮೇಲಿಟ್ಟಿದ್ದೆ. ಮಕ್ಕಳು ಹೋದ ಮೇಲೆ ಅವರು ಒಳಗೆ ಬಂದು ಅದನ್ನು ತಿರುಗಿಸಿ ನೋಡಿದರು.

"ಇದ್ರಾಗೆ ನಮ್ಮೂರ್ ಎಲ್ಲದೆ?"

ನಾನು ಪೆನ್ಸಿಲ್ ಮೊನೆ ಇಟ್ಟು ತೋರಿಸಿದೆ. "ಈ ಮೊನೆ ಅಡೀಲಿ ಹೊಸೂರು, ಕೃಷ್ಣಗಿರಿ, ಬೆಂಗಳೂರು ಎಲ್ಲ ಇದೆ."

"ಎಲ್ಲಾನೂ?"

"ಎಲ್ಲಾನೂ."

ಆ ಸೀಳಿದ ಉಗುರನ್ನು ಅಲ್ಲಿಟ್ಟರು. "ಇದಷ್ಟನ್ನೂ ಮಾಡ್ದೋಳು ಅವ್ಳೇ ಅಂತ ದಿನಾ ಹೇಳ್ತೀನಿ ಟೀಚರಮ್ಮ, ಪೂಜೆ ಮಾಡೋವಾಗ. ಇಷ್ಟು ದೊಡ್ಡದನ್ನ ಮಾಡ್ದೋಳು ನಮ್ಮ ಮೂವತ್ತು ಮನೇನ ಮಾತ್ರ ಯಾಕಮ್ಮ ಹಿಡ್ಕೊಂಡ್ಳು? ಉಳ್ದೋರೇನ್ ತಪ್ಪು ಮಾಡಿದ್ರು?"

"ನೀವು ಪೂಜಾರಿ. ನನ್ನ ಕೇಳ್ತೀರಲ್ಲ."

"ಓದಿರೋರು ನೀವಲ್ವಾ."

ಅದು ನಮ್ಮಿಬ್ಬರ ನಡುವಿನ ಆಟವಾಯಿತು. ವಾರಕ್ಕೊಂದು ಉತ್ತರ ಹುಡುಕಿಕೊಂಡು ಬರುತ್ತಿದ್ದರು. ಕೆಲಮಂಗಲದ ಸಂತೆಯಲ್ಲಿ ಸಾವಿರ ಮಕ್ಕಳಿದ್ದರೂ ತಾಯಿ ತನ್ನ ಮಗುವಿನ ಕೈ ಮಾತ್ರ ಹಿಡಿದಿರುತ್ತಾಳಲ್ಲ, ಹಾಗೆ ಎಂದರು ಒಂದು ಸಲ. ಹಾಗಾದರೆ ಉಳಿದ ಮಕ್ಕಳಿಗೆ ಅವಳು ತಾಯಿಯಲ್ಲವೇ ಎಂದೆ. ಮರುವಾರ ತಾವೇ ಬಂದು, "ಅದ್ ನಾಟ್ಲಿಲ್ಲ, ತಳ್ಳಾಕಿ" ಎಂದರು. ಕೊನೆಗೆ ಒಂದು ದಿನ ಗೆದ್ದವರ ಮುಖ ಮಾಡಿಕೊಂಡು ಬಂದರು.

"ಕೆರೆ ನೀರು ಎಲ್ಲಾರ್ದೂ. ಹೌದಾ? ತೂಬು ಎತ್ತೋನು ಮಾತ್ರ ಒಬ್ನೇ. ಎಲ್ರೂ ಎತ್ತಾಕ್ ಹೋದ್ರೆ ಕೆರೆ ಇರಾಕಿಲ್ಲ. ಅಂಗಂತ ನೀರಗಂಟಿಗೆ ನೀರು ಜಾಸ್ತೀನಾ? ಕೇಳಿ ನೋಡಿ. ಎಲ್ಲಾರ ಗದ್ದೆಗೂ ಬಿಟ್ಟು ಕಡೇಲಿ ಅವ್ನ ಗದ್ದೆಗೆ. ಅದು ಕಟ್ಟಳೆ. ಅವ್ಳು ನಮ್ಮನ್ನ ಹಿಡ್ಕೊಂಡಿರೋದು ಉಣ್ಣಾಕಲ್ಲ ಟೀಚರಮ್ಮ, ಬಡಿಸಾಕೆ."

ಆ ಉತ್ತರ ನನಗೂ ಹಿಡಿಸಿತು. ಮನೆಗೆ ಬಂದು ತಂದೆಗೆ ಹೇಳಿದೆ. ಅವರೂ ಮೆಚ್ಚಿಕೊಂಡರು.

ಊರಿನಲ್ಲಿ ಯಾವುದೇ ದೊಡ್ಡ ತೀರ್ಮಾನಕ್ಕೆ ಮುಂಚೆ ಹೂ ಕೇಳುತ್ತಿದ್ದರು. ಪೂಜಾರಪ್ಪ ಮಿಂದು ಬಂದು ಅಮ್ಮನ ಎರಡೂ ಭುಜಕ್ಕೆ ನೀರಿನಲ್ಲಿ ಅದ್ದಿದ ಹೂ ಅಂಟಿಸಿ ಪ್ರಶ್ನೆ ಇಡುತ್ತಿದ್ದರು. ಬಲಗಡೆಯ ಹೂ ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಒಂದು ವಿಷಯಕ್ಕೆ ಒಂದೇ ಸಲ ಕೇಳಬೇಕು. ಎರಡನೆಯ ಸಲ ಕೇಳಿದರೆ ಅವಳ ಮಾತನ್ನು ನಂಬಲಿಲ್ಲ ಎಂದಾಗುತ್ತದೆ. ಹೂ ಬಿದ್ದ ಮೇಲೆ ಜನ ಮನೆಗೆ ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹೊರೆ ಇಳಿಸಿದವರ ಮುಖ ಇರುತ್ತದಲ್ಲ, ಅಂಥ ಮುಖ.

ಆ ವರ್ಷ ರಾಗಿ ಕೊಯ್ಲಿನ ಹೊತ್ತಿಗೆ ಮೂರು ದಿನ ಹಿಡಿದ ಮಳೆ ಬಿಡಲಿಲ್ಲ. ಮೂರನೆಯ ದಿನ ನಾನು ಹೋಗದೆ ಇರಬಹುದಾಗಿತ್ತು. ಹೋದೆ. ಏರಿಯ ಮೇಲೆ ಬರುವಾಗ ನೀರು ಕಾಲಿಗೆ ಸಿಗುವಷ್ಟು ಮೇಲಿತ್ತು. ಶಾಲೆಗೆ ಹದಿನಾಲ್ಕು ಮಕ್ಕಳು ಬಂದಿದ್ದರು. ಹಾಜರಿ ಹಾಕುತ್ತಿದ್ದಾಗ ಪೂಜಾರಪ್ಪ ಬಾಗಿಲಲ್ಲಿ ನಿಂತರು. ಅವತ್ತು ಕೂರಲಿಲ್ಲ.

"ತೂಬಿನ ಪಕ್ಕ ಸೋರ್ತಾ ಅದೆ. ಯಾವಾಗ್ಲೂ ಸೋರ್ತದೆ, ತಿಳಿ ನೀರು. ಇವತ್ತು ಕೆಂಪಗದೆ ಟೀಚರಮ್ಮ."

ತಿಳಿ ನೀರು ಸೋರಿದರೆ ಭಯವಿಲ್ಲ. ಕೆಂಪು ನೀರು ಸೋರಿದರೆ ಏರಿಯ ಹೊಟ್ಟೆಯೊಳಗಿನ ಮಣ್ಣು ಹೋಗುತ್ತಿದೆ ಎಂದು ಅರ್ಥ. ಅದಕ್ಕೆ ಬಿ.ಎಸ್ಸಿ. ಬೇಕಾಗಿರಲಿಲ್ಲ, ಅವರಿಗೂ ಗೊತ್ತಿತ್ತು. ಓದಿದವಳ ಬಾಯಿಂದ ಬರಲಿ ಎಂದು ನನ್ನನ್ನು ಕರೆದುಕೊಂಡು ಹೋದರು.

ಕುಲದ ಹಿರಿಯರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ. ಅವರು ಕಣದಲ್ಲಿ ನೆನೆಯುತ್ತಿದ್ದ ರಾಗಿ ಮೆದೆಗೆ ತಾಳೆಗರಿ ಹೊದಿಸುತ್ತಾ ನನ್ನ ಮಾತು ಪೂರ್ತಿ ಕೇಳಿದರು. ಊರು ಬಿಡಬೇಕೆಂದರೆ ಮೆದೆ, ದನ, ವರ್ಷದ ಅನ್ನ ಎಲ್ಲ ಬಿಟ್ಟು ಬಂಡೆ ಹತ್ತಬೇಕು. "ಅಮ್ಮನ್ ಕೇಳಾನ" ಎಂದರು.

ಗುಡಿಯ ಮುಂದೆ ಗಂಡಸರೆಲ್ಲ ಸೇರಿದರು. ಮಳೆ ಆಗ ಸ್ವಲ್ಪ ಬಿಟ್ಟಿತ್ತು. ನಾನು ಬಾಗಿಲ ಪಕ್ಕ ನಿಂತಿದ್ದೆ.

"ಊರು ಬಿಡೋದಾ, ಬ್ಯಾಡ್ವಾ ಅಂತ ಕೇಳಯ್ಯ" ಎಂದರು ಯಜಮಾನರು.

ಪೂಜಾರಪ್ಪ ಹೂ ಅಂಟಿಸಿದರು. ಆಮೇಲೆ, ಯಜಮಾನರು ಹೇಳಿಕೊಟ್ಟದ್ದನ್ನು ಬಿಟ್ಟು, ತಮ್ಮ ಹೊಟ್ಟೆಯೊಳಗೆ ಇದ್ದದ್ದನ್ನು ಕೇಳಿಬಿಟ್ಟರು.

"ತಾಯಿ, ನಿನ್ನ ಒಕ್ಲು ಉಳೀತದಾ?"

ಬಲಗಡೆಯ ಹೂ ಬಿತ್ತು. ನಾನು ಕಣ್ಣಾರೆ ನೋಡಿದೆ; ಯಾರೂ ಮುಟ್ಟಲಿಲ್ಲ.

"ಉಳೀರಿ ಅಂದ್ಲು" ಎಂದರು ಯಜಮಾನರು. "ಬನ್ರಲಾ, ಮೆದೆ ಮುಚ್ಚಾನ."

ಎಲ್ಲರ ಮುಖದಿಂದಲೂ ಆ ಹೊರೆ ಇಳಿಯಿತು. ಪೂಜಾರಪ್ಪ ತಿರುಗಿ ನಿಂತರು. "ಯಜಮಾನ್ರೇ, ಇಲ್ಲೇ ಉಳಿಯೋದಾ ಅಂತ ನಾನ್ ಕೇಳ್ಲಿಲ್ಲ. ಜೀವ ಉಳೀತದಾ ಅಂತ ಕೇಳಿದ್ದು."

"ಉಳಿಯೋದು ಅಂದ್ರೆ ಉಳಿಯೋದೇ ಕಣಯ್ಯ. ಇಲ್ಲಿ ಇದ್ರೆ ತಾನೇ ಜೀವ? ಇನ್ನೊಂದ್ ಸಾರಿ ಕೇಳ್ತೀಯಾ? ಕೇಳು ನೋಡಾನ."

ಕೇಳುವಂತಿರಲಿಲ್ಲ. ನಾನು ಮುಂದೆ ಬಂದು ಮಣ್ಣಿನ ಮಾತನ್ನು ಮತ್ತೆ ಹೇಳಿದೆ. ಯಜಮಾನರು ಸಿಟ್ಟಾಗಲಿಲ್ಲ. "ನೀವು ಬ್ಯಾರೆ ದೇವ್ರು ಒಕ್ಲು ಟೀಚರಮ್ಮ. ನಿಮಗೆ ಗೊತ್ತಾಗಾಕಿಲ್ಲ" ಎಂದರು, ಮಗಳಿಗೆ ಹೇಳುವ ಹಾಗೆ.

ಆಗ ನನ್ನ ನಾಲಿಗೆಯ ಮೇಲೆ ಎರಡೇ ಮಾತಿತ್ತು: ಬಾಗಿಲ ಸಂದಿ. ಇವರನ್ನು ಯಾವ ಅಮ್ಮನೂ ಆರಿಸಲಿಲ್ಲ, ಇದು ಬಾಗಿಲಿಗೆ ಸಿಕ್ಕ ಉಗುರು, ಇವರ ಹೂವನ್ನು ನಂಬಬೇಡಿ ಎಂದು ಒಂದು ಸಲ ಕೂಗಿದ್ದರೆ ಹತ್ತು ಮನೆಯಾದರೂ ಏಳುತ್ತಿತ್ತೋ ಏನೋ. ಪೂಜಾರಪ್ಪ ನನ್ನನ್ನೇ ನೋಡುತ್ತಿದ್ದರು. ಹೇಳು ಎನ್ನುತ್ತಿದ್ದರೋ, ಬೇಡ ಎನ್ನುತ್ತಿದ್ದರೋ ಇವತ್ತಿಗೂ ಗೊತ್ತಿಲ್ಲ. ಗುಟ್ಟು ಕಾಪಾಡುವುದು ಮರ್ಯಾದೆ ಎಂದು ಬೆಳೆದವಳು ನಾನು. ಸುಮ್ಮನಿದ್ದೆ.

ಶಾಲೆಗೆ ಹೋಗಿ, ಇವತ್ತು ಬಂಡೆಯ ಮೇಲಿನ ಮಂಟಪದಲ್ಲಿ ಉಪ್ಪಿಟ್ಟು ಎಂದು ಸುಳ್ಳು ಹೇಳಿ ಹದಿನಾಲ್ಕು ಮಕ್ಕಳನ್ನೂ ಸಾಲಾಗಿ ಹೊರಡಿಸಿದೆ. ಕೆಳಗಿನ ಬೀದಿಯಲ್ಲೇ ದಾರಿ. ಒಬ್ಬ ತಾಯಿ ಸೊಂಟದ ಮೇಲೆ ಮಗು ಕೂರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳ ದೊಡ್ಡ ಮಗಳು ನನ್ನ ಸಾಲಿನಲ್ಲಿದ್ದಳು. "ಎಲ್ಲಿಗಮ್ಮ ಕರ್ಕೊಂಡೋಯ್ತಿದೀರ?" ಎಂದಳು. "ಪಾಠಕ್ಕೆ" ಎಂದೆ. ಆ ಮಗುವನ್ನೂ ಕೊಡಿ, ನೀವೂ ಬನ್ನಿ ಎನ್ನಲಿಲ್ಲ. ಅಂದರೆ ಗಲಾಟೆಯಾಗಿ ಇವರನ್ನೂ ಬಿಡಿಸಿಕೊಳ್ಳುತ್ತಾರೆ ಎಂದು ಹೆದರಿದೆ. ಆ ಬಾಗಿಲ ಮುಂದೆ ನಾನು ನಿಂತದ್ದು ಎಷ್ಟು ಹೊತ್ತು? ಹತ್ತು ಉಸಿರು ಇರಬಹುದು. ಆ ಹತ್ತು ಉಸಿರನ್ನು ಅವತ್ತಿನಿಂದ ಎಳೆಯುತ್ತಲೇ ಇದ್ದೇನೆ.

ಮುಂದಿನ ತಿರುವಿನಲ್ಲಿ ಪೂಜಾರಪ್ಪನ ಮನೆ. ಅವರು ಹೆಂಡತಿಯನ್ನು ಹೊರಡು ಎನ್ನುತ್ತಿದ್ದರು. ಆಕೆ ರಾಗಿ ಕೇರುತ್ತಾ ನಗುತ್ತಿದ್ದರು.

"ಚೆನ್ನಾಗದೆ. ನೀವೇ ಹೂ ಕೊಡ್ಸಿ, ನೀವೇ ಓಡು ಅಂತೀರಲ್ಲ. ನೆರೆಯೋರು ಏನಂದಾರು?"

"ಹೂ ಇರ್ಲಿ, ನೆರೆಯೋರ್ತಾವ ನಾನ್ ಮಾತಾಡ್ತೀನಿ. ಹಸು ಬಿಚ್ಚಿರು ನೀನು. ಗೂಡಿನೋರ್ಗೆ ಯಾರವ್ರೆ ಹೇಳಾಕೆ? ಅವ್ರ್ಗೆ ಹೇಳ್ಬುಟ್ಟು ಈಗ ಬಂದ್ಬುಡ್ತೀನಿ."

ಹೀಗೆಂದು ಅವರು ಕಾಲುವೆಯ ಕಡೆ ಓಡಿದರು. ಇವತ್ತಿಗೂ ನಾನು ಅರ್ಥ ಮಾಡಿಕೊಳ್ಳಲು ಯತ್ನಿಸುತ್ತಿರುವುದು ಇದನ್ನೇ. ಮೊದಲು ಬೇರೆಯವರ ಗದ್ದೆ, ಕಡೆಗೆ ತನ್ನದು. ಅಷ್ಟು ವರ್ಷ ತೂಬು ಎತ್ತಿದ ಕಾಲು ಅವತ್ತೂ ಅದೇ ಕಟ್ಟಳೆಯಲ್ಲಿ ಓಡಿತು.

ಬಂಡೆಯ ಮೇಲಿನಿಂದ ಎಲ್ಲವೂ ಕಾಣುತ್ತಿತ್ತು. ಅವರು ಗೂಡಿನವರ ಗುಡಿಸಲುಗಳ ಮುಂದೆ ನಿಂತು ತಮಿಳಿನಲ್ಲಿ ಕೂಗುತ್ತಿದ್ದುದು ಕೇಳಿಸಿತು: "ಏರಿ ಉಡೈಯ ಪೋಗುದು, ಮೇಲೆ ಪೋಂಗ!" ತಮಿಳಿನಲ್ಲಿ ಏರಿ ಎಂದರೆ ಕೆರೆ. ಕೆರೆ ಒಡೆಯುತ್ತದೆ, ಮೇಲಕ್ಕೆ ಹೋಗಿ. ಗೂಡಿನವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಯಾವ ಗುಡಿಗೂ ಹೋಗಲಿಲ್ಲ. ಪಾತ್ರೆ, ಮಕ್ಕಳು, ಒಂದು ಕೋಳಿಪಂಜರ ಎತ್ತಿಕೊಂಡು ಇರುವೆ ಸಾಲಿನಂತೆ ಬಂಡೆಗೆ ಹತ್ತಿದರು. ಎಲ್ಲರೂ ಹತ್ತಿದ ಮೇಲೆ ಒಬ್ಬ ಮುದುಕಿಯನ್ನು ಕೈ ಹಿಡಿದು ಎಳೆದುಕೊಂಡು ಪೂಜಾರಪ್ಪ ಬಂದರು. ಮುದುಕಿಯನ್ನು ಕೂರಿಸಿ ಊರಿನ ಕಡೆ ತಿರುಗಿದರು.

ಸದ್ದು ಬರಲಿಲ್ಲ. ಮೊದಲು ತೂಬಿನ ಪಕ್ಕದ ಹುಣಸೆಮರ ನಿಂತಲ್ಲಿಂದ ನಡೆದುಹೋಯಿತು. ನಿಜವಾಗಿ ನಡೆದ ಹಾಗೆಯೇ ಕಂಡಿತು, ನೆಟ್ಟಗೆ ನಿಂತುಕೊಂಡೇ ಮುಂದಕ್ಕೆ. ಆಮೇಲೆ ಸದ್ದು.

ನಾನು ಅವರ ಬಲಗೈ ಹಿಡಿದುಕೊಂಡಿದ್ದೆ. ಯಾವಾಗ ಹಿಡಿದೆನೋ ತಿಳಿಯದು. ಅವರು ಎಳೆದರು, ನಾನು ಮಂಟಪದ ಕಂಬಕ್ಕೆ ಇನ್ನೊಂದು ಕೈ ಸುತ್ತಿದ್ದೆ.

"ಕೈ ಬಿಡಿ ಟೀಚರಮ್ಮ."

ಕೂಗಲಿಲ್ಲ. ಮೆಲ್ಲಗೆ ಹೇಳಿದರು. ಎರಡು ಸಲ ಹೇಳಿದರು. ಆ ಸೀಳಿದ ಉಗುರು ನನ್ನ ಅಂಗೈಗೆ ಕಚ್ಚಿತ್ತು. ನಾನು ಬಿಡಲಿಲ್ಲ. ಕೆಳಗೆ ಅವರ ಮನೆಯ ಹೆಂಚು ಇತ್ತು, ಇತ್ತು, ಆಮೇಲೆ ಕೆಂಪು ನೀರಿತ್ತು.

ಬಿಟ್ಟಿದ್ದರೆ ಅವರು ಆಕೆಯ ಹತ್ತಿರ ತಲುಪುತ್ತಿದ್ದರೇ? ಇಲ್ಲ ಎಂದು ಎಲ್ಲರೂ ಹೇಳಿದರು. ಲೆಕ್ಕ ಹಾಕಿದರೆ ನನಗೂ ಇಲ್ಲ ಎಂದೇ ಬರುತ್ತದೆ. ಆದರೂ ಮಳೆ ಮೂರನೆಯ ದಿನಕ್ಕೆ ಬಂದರೆ ನನ್ನ ಬಲ ಅಂಗೈ ಮುಚ್ಚಿಕೊಳ್ಳುತ್ತದೆ. ಬಿಡಿಸಿದರೂ ಮತ್ತೆ ಮುಚ್ಚಿಕೊಳ್ಳುತ್ತದೆ.

ಕೆಳಗಿನ ಬೀದಿಯಲ್ಲಿ ಉಳಿದದ್ದು ಒಂದು ಒರಳುಕಲ್ಲು. ಪೂಜಾರಪ್ಪನ ಹೆಂಡತಿ ಹೋದರು. ಬಾಗಿಲಲ್ಲಿ ನಿಂತಿದ್ದ ಆ ತಾಯಿ, ಸೊಂಟದ ಮಗು, ಇನ್ನೂ ಕೆಲವರು. ಹಸು ಮಾತ್ರ ಒಂದು ಮೈಲಿ ಕೆಳಗೆ ಜೀವಂತ ಸಿಕ್ಕಿತು, ಅದನ್ನು ಬಿಚ್ಚಿದ್ದರು. ಗುಡಿ ಏರಿಯ ತುದಿಯಲ್ಲಿತ್ತಲ್ಲ, ಅದಕ್ಕೆ ಒಂದು ಹನಿ ತಾಗಲಿಲ್ಲ.

ಯಜಮಾನರು ಬದುಕಿದ್ದರು, ಅವರ ಕಣ ಎತ್ತರದಲ್ಲಿತ್ತು. ನಾಲ್ಕನೆಯ ದಿನ ಅವರು ಗುಡಿಯ ಮುಂದೆ ನನ್ನ ಹದಿನಾಲ್ಕು ಮಕ್ಕಳನ್ನು ನಿಲ್ಲಿಸಿ, ಅಳುತ್ತಾ, ಕೈಮುಗಿದು ಹೇಳಿದರು: "ಅವ್ಳ ಮಾತು ಸುಳ್ಳಾಗ್ಲಿಲ್ಲ. ಒಕ್ಲು ಉಳೀತು."

ಪೂಜಾರಪ್ಪ ನನ್ನ ಪಕ್ಕದಲ್ಲಿ ನಿಂತಿದ್ದರು. ಊರನ್ನು ಬಂಡೆಯ ಪಕ್ಕಕ್ಕೆ ಎತ್ತಿ ಕಟ್ಟಿದರು. ಪೂಜೆ ಬಿಡುತ್ತೇನೆ ಎಂದು ಪೂಜಾರಪ್ಪ ಎರಡು ಸಲ ಹೇಳಿದರಂತೆ, ಕುಲದವರು ಒಪ್ಪಲಿಲ್ಲ. ಆ ಉಗುರು ಇರುವವರೆಗೂ ಬಿಡುವ ಹಾಗಿಲ್ಲ ಎಂದರಂತೆ. ಬಾಗಿಲ ಸಂದಿಯ ವಿಷಯ ಕೊನೆಗೂ ಅವರೇ ಬಾಯಿಬಿಟ್ಟು ಹೇಳಿದರು. ಯಜಮಾನರು ನಕ್ಕು, "ಬಾಗ್ಲು ಎಳೆಸಿದ್ದು ಯಾರು, ಅವ್ಳೇ ಅಲ್ವಾ?" ಎಂದುಬಿಟ್ಟರಂತೆ. ಅದನ್ನು ಕೇಳಿದ ದಿನ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಗುಡಿಯ ಬಾಗಿಲಲ್ಲಿ ನಾನು ಕೂಗಿದ್ದರೂ ಇದೇ ಉತ್ತರ ಬರುತ್ತಿತ್ತು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆ ಸಮಾಧಾನ ನಿಲ್ಲಲಿಲ್ಲ.

ಅವರು ಹೂ ಕೇಳುವ ರೀತಿ ಮಾತ್ರ ಬದಲಾಯಿತು. ಯಾರು ಬಂದರೂ ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ, ಆಮೇಲೆ ತಮಿಳಿನಲ್ಲಿ ಹೇಳಿಸುತ್ತಿದ್ದರು. ಮೂರರಲ್ಲೂ ಒಂದೇ ಅರ್ಥ ಬಂದರೆ ಮಾತ್ರ ಹೂ ಅಂಟಿಸುತ್ತಿದ್ದರು. ಮದುವೆ, ಬೋರು, ದನ ಏನೇ ಇರಲಿ. ಜನ ಬೇಸರಗೊಂಡು, ಪೂಜಾರಪ್ಪನಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು.

ನನಗೆ ಮದುವೆಯಾಗಿ, ಹೊಸೂರಿಗೇ ವರ್ಗವಾಗಿ, ಎಂಬತ್ತರ ದಶಕದಲ್ಲಿ ನಾವು ಅಲ್ಲಿನ ಆಲಸನತ್ತ ಬಡಾವಣೆಯಲ್ಲಿ ಮನೆ ಮಾಡಿದ್ದೆವು. ಸುತ್ತಲೂ ಕಾರ್ಖಾನೆಗೆ ಹೋಗುವವರ ಹೊಸ ಮನೆಗಳು ಏಳುತ್ತಿದ್ದವು. ಕಣ್ಣಿನ ಡಾಕ್ಟರನ್ನು ನೋಡಲು ಬಂದಾಗಲೆಲ್ಲ ಪೂಜಾರಪ್ಪ ನಮ್ಮ ಮನೆಗೆ ಬರುತ್ತಿದ್ದರು. ಹಿತ್ತಿಲಲ್ಲಿ ಕಾಲು ತೊಳೆದು, ಒಳಗೆ ಬರದೆ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಆ ದಿನದ ಮಾತು ನಮ್ಮ ನಡುವೆ ವರ್ಷಗಟ್ಟಲೆ ಬರಲಿಲ್ಲ. ಒಂದು ಸಲ ಕಾಫಿ ಲೋಟ ಕೆಳಗಿಟ್ಟು ತಾವೇ ತೆಗೆದರು.

"ಕನ್ನಡದಾಗೆ ಕೇಳ್ಬುಟ್ಟೆ ಟೀಚರಮ್ಮ. ತೆಲುಗಲ್ಲಿ ಕೇಳಿದ್ರೆ ಉಂಟಾಮಾ ಅನ್ಬೇಕು, ಇಲ್ಲ ಬತುಕ್ತಾಮಾ ಅನ್ಬೇಕು. ಎರಡೂ ಬ್ಯಾರೆ. ಎತ್ತಿಗೆ ಆಡೋ ಭಾಷೆ ಅಂತ ಬಿಟ್ಟೆ."

ಉಂಟಾಮಾ ಎಂದರೆ ಇಲ್ಲೇ ಇರುತ್ತೇವಾ, ಬತುಕ್ತಾಮಾ ಎಂದರೆ ಬದುಕುತ್ತೇವಾ.

"ಆ ಗೂಡಿನೋರ್ತಕ ನನ್ನ ಕಳ್ಸಿದ್ದು ಯಾರು?" ಎಂದರು.

"ನೀವೇ ಹೋದಿರಿ."

"ನಾನ್ ಅಲ್ಲ. ನನ್ ಕಾಲು ಮನೆ ಕಡೀಕೆ ಎಳೀತಿತ್ತು. ಯಾರೋ ಕಳ್ಸಿದ್ರು. ಅವ್ಳೇ ಅನ್ನಾನ, ಅವ್ರೂ ಅವ್ಳ ಮಕ್ಳೇ. ಸರಿ. ನನ್ ಹೆಂಡ್ತಿತಕ ಯಾರ್ನ ಕಳ್ಸಿದ್ಲು?"

ನನಗೆ ಅಳು ಬಂತು. ಅಷ್ಟು ವರ್ಷ ಇಟ್ಟುಕೊಂಡಿದ್ದನ್ನು ಆಗ ಕೇಳಿದೆ. "ನಾನು ಕೈ ಬಿಡಬೇಕಿತ್ತಾ ಪೂಜಾರಪ್ಪ?"

ಅದಕ್ಕೆ ಅವರು ಬೇರೆ ಒಂದು ಕೇಳಿದರು.

"ಹದಿನಾಲ್ಕು ಮಕ್ಳನ್ನ ಕರ್ಕೊಂಡ್ ಹೋದ್ರಲ್ಲ. ಅವ್ರನ್ನೇ ಯಾಕ್ ಆರಿಸ್ಕೊಂಡ್ರಿ?"

"ಆರಿಸ್ಕೊಳ್ಳಲಿಲ್ಲ. ಅವತ್ತು ಶಾಲೆಗೆ ಬಂದಿದ್ದೋರು ಅವರು. ಕಣ್ಣೆದುರಿಗಿದ್ರು."

"ಉಳ್ದೋರು ಬ್ಯಾಡ ಅಂತಾನಾ?"

"ಅಯ್ಯೋ ಇಲ್ಲ."

"ಮತ್ತೆ?"

"ನನಗೆ ಆಗಿದ್ದು ಅಷ್ಟೇ."

ಅವರು ತಲೆಯಾಡಿಸಿದರು. ಎದ್ದು ಟವಲು ಕೊಡವಿ ಹೆಗಲ ಮೇಲೆ ಹಾಕಿಕೊಂಡರು. "ಅವ್ಳ್ಗೂ ಎರಡೇ ಕೈ ಟೀಚರಮ್ಮ" ಎಂದರು. "ನೀವ್ ಅವತ್ತೇ ನೋಡಿದ್ರಿ. ನಾನೇ ಲೇವಡಿ ಮಾಡ್ದೆ."

ಅದು ಅವರಿಗೆ ಸಮಾಧಾನ ಕೊಟ್ಟಿತ್ತೋ, ಇನ್ನಷ್ಟು ಕಂಗೆಡಿಸಿತ್ತೋ ನನಗೆ ತಿಳಿಯದು. ನನಗಂತೂ ಆ ಮಾತು ಇವತ್ತಿಗೂ ಭಯ ಹುಟ್ಟಿಸುತ್ತದೆ. ಇಷ್ಟು ದೊಡ್ಡದನ್ನು ಮಾಡಿದವಳೂ ನನ್ನ ಹಾಗೆ ಒಂದು ಬಾಗಿಲ ಮುಂದೆ ಹತ್ತು ಉಸಿರು ನಿಂತು ಮುಂದೆ ಹೋದಳೇ?

ಅವರು ತೀರಿಕೊಂಡ ಸುದ್ದಿ ತಂದದ್ದು ಗೂಡಿನ ಒಬ್ಬ ಹೆಂಗಸು. ಅವತ್ತು ಪೂಜಾರಪ್ಪ ಕೈ ಹಿಡಿದು ಎಳೆದು ತಂದ ಮುದುಕಿಯ ಸೊಸೆ. ನಾನು ಹೋಗುವ ಹೊತ್ತಿಗೆ ಗುಣಿಗೆ ಇಳಿಸಿದ್ದರು. ಕುಲದವರು ಒಬ್ಬೊಬ್ಬರಾಗಿ ಬಂದು ಮೂರು ಹಿಡಿ ಮಣ್ಣು ಹಾಕುತ್ತಿದ್ದರು. ಅಲ್ಲಿಯ ಕಟ್ಟಳೆಯಂತೆ ಮಣ್ಣು ಹಾಕುವುದು ಒಕ್ಕಲಿನವರು ಮಾತ್ರ. ಗೂಡಿನವರು, ಮಕ್ಕಳು ಮುದುಕರೆಲ್ಲ, ಬೇವಿನಮರದ ಕೆಳಗೆ ದೂರ ನಿಂತಿದ್ದರು. ನಾನು ಅವರ ಜೊತೆ ನಿಂತೆ. ನನ್ನ ಹದಿನಾಲ್ಕರಲ್ಲಿ ಕೆಲವರು ಗುಣಿಯ ಹತ್ತಿರ ಇದ್ದರು, ಮೀಸೆ ಬಂದಿತ್ತು, ಮದುವೆಯಾಗಿತ್ತು.

ಒಕ್ಕಲಿನವರದು ಮುಗಿಯಿತು. ಸಲಿಕೆ ಎತ್ತಿಕೊಂಡರು. ಆಗ ಆ ಸೊಸೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದು ಹೋಗಿ, ಬಗ್ಗಿ, ಒಂದು ಹಿಡಿ ಮಣ್ಣು ಹಾಕಿದಳು. ಯಾರನ್ನೂ ಕೇಳಲಿಲ್ಲ. ಕೆರೆ ಒಡೆದ ದಿನವೂ ಗೂಡಿನವರು ಯಾರನ್ನೂ ಕೇಳಿರಲಿಲ್ಲ. ಕುಲದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಜಮಾನರು ಹೋಗಿ ಎರಡು ವರ್ಷವಾಗಿತ್ತು. ಬೇಡ ಎನ್ನುವವರು ಇರಲಿಲ್ಲ. ಸಲಿಕೆ ಹಿಡಿದವನು ಪಕ್ಕಕ್ಕೆ ಸರಿದು ನಿಂತ.

ಬೇವಿನಮರದ ಕೆಳಗಿದ್ದವರೆಲ್ಲ ಒಬ್ಬರ ಹಿಂದೆ ಒಬ್ಬರು ಹೋದರು. ಕೊನೆಯವಳು ನಾನು. ಬಗ್ಗಿದಾಗ, ಮಳೆ ಇಲ್ಲದಿದ್ದರೂ, ನನ್ನ ಬಲಗೈ ಮುಚ್ಚಿಕೊಂಡಿತ್ತು. ಎಡಗೈಯಿಂದ ಒಂದೊಂದೇ ಬೆರಳು ಬಿಡಿಸಿದೆ, ಎರಡೂ ಕೈ ತುಂಬ ಮಣ್ಣು ತೆಗೆದುಕೊಂಡೆ, ಆಮೇಲೆ ಬಿಟ್ಟೆ.